‘ಸ್ಕ್ರೀನಿನಲ್ಲಿ ಮಾತ್ರ ಹಾಗೆ, ಪ್ರಿಂಟಿನಲ್ಲಿ ಕೂಡಿಕೊಳ್ಳುತ್ತದೆ’ ಎಂದರೆ ನಂಬಬೇಡಿ

ತುಮಕೂರಿನಲ್ಲಿ ಸ್ಮರಣ ಸಂಚಿಕೆ, ಲಗ್ನಪತ್ರಿಕೆ, ಕವನ ಸಂಕಲನ, ಏನನ್ನಾದರೂ ಡಿಟಿಪಿಗೆ ಕೊಡಲು ಹೊರಟವರು ಮೊದಲು ಇದನ್ನು ಓದಿ, ಆಮೇಲೆ ಮುಂಗಡ ಕೊಡಿ. ಒತ್ತಕ್ಷರಗಳೆಲ್ಲ ಒಡೆದು ಅಚ್ಚಾದ ಸಂಚಿಕೆಯ ಕಥೆ ಇದು. ಅಂಗಡಿಯ ಹೆಸರು ಬರೆಯುವುದಿಲ್ಲ. ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಗುಬ್ಬಿ ತಾಲ್ಲೂಕಿನ ನಮ್ಮೂರ ಪ್ರೌಢಶಾಲೆಯ ಸುವರ್ಣ ಮಹೋತ್ಸವಕ್ಕೆ ಸಂಚಿಕೆ ತರುವ ಹೊಣೆ ನನ್ನ ಮೇಲಿತ್ತು. ಲೇಖನಗಳು, ದಾನಿಗಳ ಪಟ್ಟಿ, ನಿವೃತ್ತ ಶಿಕ್ಷಕರ ಹೆಸರುಗಳು, ಎಲ್ಲವನ್ನೂ ಯೂನಿಕೋಡ್‌ನಲ್ಲಿ, ಅಂದರೆ ಈಗ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ ಪದ್ಧತಿಯಲ್ಲಿ, ಬೆರಳಚ್ಚು ಮಾಡಿ, ತಿದ್ದಿ ತೀಡಿ ಕೊಟ್ಟಿದ್ದೆ. ಅಂಗಡಿಯವರು ಮಾಡಬೇಕಿದ್ದುದು ಪುಟ ವಿನ್ಯಾಸ ಮತ್ತು ಮುದ್ರಣ, ಅಷ್ಟೇ.

ಪ್ರೂಫ್ ನೋಡಲು ಕರೆದರು. ಮುಖಪುಟ ತೋರಿಸಿದರು, ಚೆನ್ನಾಗಿಯೇ ಇತ್ತು. ಆಮೇಲೆ ಒಳಪುಟಗಳನ್ನು ಎರಡೆರಡಾಗಿ ಪರದೆಗೆ ಹಿಡಿಯುವಷ್ಟು ಕುಗ್ಗಿಸಿ ಸರಸರನೆ ಉರುಳಿಸಿದರು. ಅಷ್ಟು ಕುಗ್ಗಿಸಿದರೆ ಇನ್‌ಡಿಸೈನ್ ಎಂಬ ಪುಟ ವಿನ್ಯಾಸದ ತಂತ್ರಾಂಶ ಸಣ್ಣ ಅಕ್ಷರಗಳನ್ನು ಬಿಡಿಸುವ ಗೋಜಿಗೇ ಹೋಗುವುದಿಲ್ಲ. ನಾವಾಗಿ ಬದಲಾಯಿಸದ ಹೊರತು, ಪರದೆಯ ಮೇಲೆ 7 ಪಾಯಿಂಟ್ ಅಳತೆಗಿಂತ ಚಿಕ್ಕದಾಗಿ ಕಾಣುವುದೆಲ್ಲ ಬೂದು ಪಟ್ಟಿಯಾಗುತ್ತದೆ. ಪುಟ ಬೇಗ ಕಾಣಲಿ ಎಂದು ಮಾಡಿಟ್ಟ ವ್ಯವಸ್ಥೆ ಅದು, ಅದರ ಮೇಲೆ ನನಗೆ ಸಿಟ್ಟಿಲ್ಲ. ಬೂದು ಪಟ್ಟಿ ನೋಡಿ ‘ಓಕೆ’ ಎನ್ನಬೇಕೆಂದು ಬಯಸಿದವರ ಮೇಲೆ ಸಿಟ್ಟು.

ದೊಡ್ಡದು ಮಾಡಿ ತೋರಿಸಿ ಎಂದೆ. ಮುಖ ಗಂಟಿಕ್ಕಿಕೊಂಡೇ ಮಾಡಿದರು. ಮೇಲೆ ‘ಅಧ್ಯಕ್ಷರ ನುಡಿ’ ಎಂಬ ಶೀರ್ಷಿಕೆ ಸರಿಯಾಗಿದೆ. ಅದರ ಕೆಳಗೆ ಮೊದಲ ಸಾಲಿನಲ್ಲೇ ‘ಅಧ್‌ಯಕ್‌ಷರು’. ಮುಂದೆ ‘ಕನ್‌ನಡ’. ‘ವಿದ್‌ಯಾರ್‌ಥಿಗಳು’. ಒತ್ತಕ್ಷರ ಒಂದೂ ಕೆಳಗಿಳಿದಿಲ್ಲ, ಅರ್ಕಾವೊತ್ತು ಎಲ್ಲೂ ಇಲ್ಲ.

ಇದೇನು ಎಂದು ಕೇಳಿದ್ದಕ್ಕೆ ಕಂಪ್ಯೂಟರಿನ ಮುಂದೆ ಕುಳಿತಿದ್ದಾತ ತಲೆಯನ್ನೂ ಎತ್ತದೆ ಹೇಳಿದ: ‘ಅದು ಸ್ಕ್ರೀನಿನಲ್ಲಿ ಮಾತ್ರ ಹಾಗೆ ಮೇಡಂ, ಪ್ರಿಂಟಿನಲ್ಲಿ ಕೂಡಿಕೊಳ್ಳುತ್ತದೆ.’ ಕಾಗದದ ಮೇಲೆ ಒಂದು ಪುಟ ತೆಗೆದುಕೊಡಿ ಎಂದೆ. ಪ್ರಿಂಟರಿನಲ್ಲಿ ಟೋನರ್ ಮುಗಿದಿದೆಯಂತೆ. ‘ಇಷ್ಟು ವರ್ಷದಿಂದ ಮಾಡುತ್ತಿದ್ದೇವೆ, ನಮಗೆ ಗೊತ್ತಿಲ್ಲವೇ?’ ಎಂದೂ ಸೇರಿಸಿದ. ಆ ಧಾಟಿ ಇದೆಯಲ್ಲ, ಎದುರಿಗಿರುವವರಿಗೆ ಏನೂ ತಿಳಿಯದು ಎಂಬ ಆ ಧಾಟಿ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೂಡಿಕೊಳ್ಳಲಿಲ್ಲ. ಕಟ್ಟುಗಳು ಸಮಾರಂಭದ ಬೆಳಿಗ್ಗೆ ನೇರವಾಗಿ ಶಾಲೆಗೇ ಬಂದವು. ವೇದಿಕೆಯ ಮೇಲೆ ಬಿಡುಗಡೆಯೂ ಆಯಿತು. ದಾನಿಗಳ ಪಟ್ಟಿಯಲ್ಲಿ ‘ಸಿದ್‌ಧಗಂಗಯ್‌ಯ’. ನಮ್ಮ ಸೀಮೆಯಲ್ಲಿ ಆ ಹೆಸರಿನವರು ಊರಿಗೆ ನಾಲ್ವರಾದರೂ ಸಿಗುತ್ತಾರೆ, ಪಟ್ಟಿಯಲ್ಲೂ ಸಾಲಾಗಿ ಇದ್ದರು. ನನಗೆ ಪಾಠ ಹೇಳಿದ ಮೇಷ್ಟರೊಬ್ಬರು ಕನ್ನಡಕ ಸರಿಮಾಡಿಕೊಂಡು ತಮ್ಮ ಹೆಸರನ್ನು ಬಿಡಿಸಿ ಬಿಡಿಸಿ ಓದಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಬೆಂಗಳೂರಿನಲ್ಲಿ ಪುಟ ವಿನ್ಯಾಸದ ಕೆಲಸ ಮಾಡುವ ನನ್ನ ತಂಗಿಯ ಮಗ ನಾನು ಕೊಟ್ಟಿದ್ದ ಅದೇ ಪಠ್ಯವನ್ನು ತನ್ನ ಇನ್‌ಡಿಸೈನ್‌ನಲ್ಲಿ ಅಂಟಿಸಿ ತೋರಿಸಿದ. ಹಾಗೆಯೇ ಒಡೆದುಕೊಂಡಿತು. ಪ್ಯಾರಾಗ್ರಾಫ್ ಮೆನು ತೆರೆದು ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಎಂಬ ಅಕ್ಷರ ಜೋಡಣೆಯ ವಿಧಾನವನ್ನು ಆರಿಸಿದ. ಕಣ್ಣೆದುರೇ ‘ಯ’ ಒತ್ತಾಗಿ ಕೆಳಗಿಳಿಯಿತು, ಕ, ಷ ಸೇರಿ ‘ಕ್ಷ’ ಆಯಿತು. ಒಂದು ಕ್ಲಿಕ್! ಇಡೀ ಸಂಚಿಕೆ ಕೆಟ್ಟಿದ್ದು ಅಷ್ಟಕ್ಕೇ.

ಅವನು ವಿವರಿಸಿದ್ದು ಇಷ್ಟು. ಯೂನಿಕೋಡ್‌ನಲ್ಲಿ ‘ಕ್ಷ’ ಎಂಬುದು ಕ, ಹಲಂತ, ಷ ಎಂದು ಮೂರು ಸಂಕೇತಗಳಾಗಿ ಉಳಿಯುತ್ತದೆ. ಅವುಗಳನ್ನು ಕೂಡಿಸಿ ಒತ್ತಕ್ಷರ ಮಾಡುವ ನಿಯಮಗಳು ಫಾಂಟಿನೊಳಗಿರುತ್ತವೆ. ಆ ನಿಯಮಗಳನ್ನು ತಂತ್ರಾಂಶ ಪಾಲಿಸಬೇಕು. ಆ ಕಂಪೋಸರ್ ಆರಿಸದಿದ್ದರೆ ಪಾಲಿಸುವುದಿಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟುಗಳಲ್ಲಿ ಒತ್ತುಗಳ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕುಳಿತಿರುತ್ತವೆ, ತಂತ್ರಾಂಶಕ್ಕೆ ಅದು ಕನ್ನಡವೆಂಬುದೇ ತಿಳಿಯದು, ಹಾಗಾಗಿ ಕೆಡುವುದೂ ಇಲ್ಲ. ಮುಖಪುಟ ಮತ್ತು ಶೀರ್ಷಿಕೆಗಳನ್ನು ಅಂಗಡಿಯವರು ನುಡಿಯಲ್ಲಿ ಮಾಡಿದ್ದರು. ಅದಕ್ಕೇ ಮೊದಲು ಮುಖಪುಟ ತೋರಿಸಿದ್ದು!

ಪ್ರಿಂಟಿನಲ್ಲಿ ಕೂಡಿಕೊಳ್ಳುವುದಂತೆ. ಪಿಡಿಎಫ್‌ಗೆ ಹೋಗುವುದು ಪುಟದಲ್ಲಿ ಜೋಡಿಸಿದ ಆಕೃತಿಗಳೇ. ಮುದ್ರಣ ಯಂತ್ರ ಕನ್ನಡ ಓದಿ ತಿದ್ದುತ್ತದೆಯೇ? ಪರದೆಯ ಮೇಲೆ ಅಂಚು ಒರಟಾಗಿ ಕಾಣಬಹುದು, ಚಿತ್ರ ಮಸುಕಾಗಿ ಕಾಣಬಹುದು, ಅವು ಅಚ್ಚಿನಲ್ಲಿ ಸರಿಹೋಗುತ್ತವೆ. ಒಡೆದ ಒತ್ತಕ್ಷರ ಸರಿಹೋಗುವುದಿಲ್ಲ. ಸರಿಹೋಗುವುದಿಲ್ಲ, ಯಾರು ಏನೇ ಹೇಳಲಿ.

ಅಂಗಡಿಗೆ ಫೋನ್ ಮಾಡಿದರೆ ಮೊದಲ ಉತ್ತರ: ‘ಓದಲು ಬರುತ್ತದಲ್ಲ ಮೇಡಂ?’ ಆಮೇಲೆ: ‘ನೀವು ನುಡಿಯಲ್ಲಿ ಕೊಡಬೇಕಿತ್ತು, ಯೂನಿಕೋಡ್‌ನಲ್ಲಿ ಕೊಟ್ಟರೆ ಹೀಗೇ.’ ಕೆಲಸ ಒಪ್ಪಿಕೊಳ್ಳುವಾಗ ಈ ಮಾತು ಎಲ್ಲಿ ಹೋಗಿತ್ತು? 2001ರ ಪೇಜ್‌ಮೇಕರ್ 7 ಎಂಬ ಹಳೆಯ ಪುಟ ವಿನ್ಯಾಸದ ತಂತ್ರಾಂಶವನ್ನೇ ಇನ್ನೂ ನೆಚ್ಚಿಕೊಂಡ ಅಂಗಡಿಗಳಿವೆ, ಅದಕ್ಕೆ ಯೂನಿಕೋಡ್ ಕನ್ನಡ ಬಾರದು, ಅವರು ಹಾಗೆಂದು ಮೊದಲೇ ಹೇಳಿಬಿಡುತ್ತಾರೆ. ಅವರು ಎಷ್ಟೋ ಮೇಲು. ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು: ‘ಪ್ರೂಫ್ ನೋಡಿದವರು ನೀವೇ.’ ಹೌದು, ನೋಡಿದೆ, ತಪ್ಪು ತೋರಿಸಿದೆ, ಸರಿಹೋಗುತ್ತದೆ ಎಂದವರು ನೀವು.

ಆದ್ದರಿಂದ ಒಳಪುಟವನ್ನು ದೊಡ್ಡದು ಮಾಡಿಸಿ ನೋಡಿ. ಧರ್ಮ, ಜ್ಞಾನ, ಸ್ತ್ರೀ, ಅಧ್ಯಕ್ಷ, ಇಂಥ ಪದಗಳನ್ನೇ ಹುಡುಕಿ. ಕಾಗದದ ಮೇಲೆ ಒಂದು ಒಳಪುಟ ಕೈಗೆ ಬರುವವರೆಗೆ ಮುದ್ರಣಕ್ಕೆ ಒಪ್ಪಬೇಡಿ. ಟೋನರ್ ಮುಗಿದಿದೆ ಎಂದರೆ ಪಕ್ಕದ ಅಂಗಡಿಗೆ ಹೋಗಿ.

ಮರುಮುದ್ರಣಕ್ಕೆ ಅರ್ಧ ದರ ಕೊಡಿ ಎಂದು ನಿನ್ನೆ ಕೇಳಿದ್ದಾರೆ. ಬಾಕಿ ಹಣ ನನ್ನ ಬಳಿಯೇ ಇದೆ. ಸರಿಯಾದ ಪ್ರತಿಗಳು ಬರುವವರೆಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.