ಬಗ್ಗಿದಾಗ ಕಣ್ಣು ಉಬ್ಬುತ್ತಿದೆಯೇ? ಕಾಯುವುದೋ, ಆಪರೇಷನ್ನೋ

ಕಾಫಿ ಹಣ್ಣು ಹೆಕ್ಕಲು ಬಗ್ಗಿದಾಗ, ಮೂಟೆ ಎತ್ತಿದಾಗ ಒಂದೇ ಕಣ್ಣು ಮುಂದಕ್ಕೆ ಉಬ್ಬುತ್ತದೆ, ನೆಟ್ಟಗೆ ನಿಂತರೆ ಇಳಿಯುತ್ತದೆ. ಹೀಗಿದ್ದರೆ ಕಣ್ಣುಗುಳಿಯ ಸಿರೆ ಹಿಗ್ಗಿರಬಹುದು. ಡಾಕ್ಟರು ಇದನ್ನು ಆರ್ಬಿಟಲ್ ವೇರಿಕ್ಸ್ ಎನ್ನುತ್ತಾರೆ.

ಸ್ಕ್ಯಾನ್ ಯಾವುದು? ಸಿ.ಟಿ. ಬೇಗ ಮುಗಿಯುತ್ತದೆ. ಸಿರೆಯೊಳಗೆ ಕಲ್ಲುಗಟ್ಟಿದ್ದರೂ ಕಾಣುತ್ತದೆ. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ, ನರ ಮತ್ತು ಸ್ನಾಯು ಚೆನ್ನಾಗಿ ತೋರುತ್ತವೆ, ಆದರೆ ತಡ. ಯಾವುದೇ ಆಗಲಿ, ಸುಮ್ನೆ ಮಲಗಿ ತೆಗೆಸಿದರೆ ಏನೂ ಕಾಣದೇ ಹೋಗಬಹುದು. ಮೂಗು ಬಾಯಿ ಮುಚ್ಚಿ ತಿಣುಕಿದಾಗಲೂ ಚಿತ್ರ ಬೇಕು. ಅಷ್ಟು ಹೊತ್ತು ಉಸಿರು ಬಿಗಿ ಹಿಡಿಯಲು ಸಿ.ಟಿ.ಯೇ ಸಲೀಸು, ಅಲ್ವಾ?

ದೃಷ್ಟಿ ಸರಿಯಿದ್ದು ನೋವಿಲ್ಲದಿದ್ದರೆ ನನ್ನ ಮತ ಕಾಯುವುದಕ್ಕೇ. ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ. ತಲೆದಿಂಬು ಎತ್ತರಿಸಿ, ಭಾರ ಎತ್ತಬೇಡಿ, ಮಲಬದ್ಧತೆ ಬರದಂತೆ ನೋಡಿಕೊಳ್ಳಿ.

ಆಪರೇಷನ್ ಸುಲಭವಲ್ಲ. ಸಿರೆಯ ಗೋಡೆ ತೆಳು, ಕಣ್ಣಿನ ನರ ಪಕ್ಕದಲ್ಲೇ ಇರುತ್ತದೆ, ರಕ್ತಸ್ರಾವದ ಭಯ ಜಾಸ್ತಿ. ಅದಕ್ಕೇ ಕೆಲವರಲ್ಲಿ ಮೊದಲು ಅಂಟು ಅಥವಾ ಕಾಯಿಲ್ (ಸಣ್ಣ ಲೋಹದ ಸುರುಳಿ) ತುಂಬಿ ಸಿರೆ ಮುಚ್ಚಿ, ಆಮೇಲೆ ತೆಗೆಯುತ್ತಾರೆ. ಸಿರೆಯನ್ನು ಕುಗ್ಗಿಸುವ ಬ್ಲಿಯೋಮೈಸಿನ್ ಔಷಧದ ಇಂಜೆಕ್ಷನ್ ಇನ್ನೊಂದು ದಾರಿ. ಕೊಯ್ತ ಕಡಿಮೆ, ಆದರೆ ಒಂದೇ ಸಲಕ್ಕೆ ಮುಗಿಯದಿರಬಹುದು, ನಂತರ ಊತವೂ ಬರುತ್ತದೆ.

ಕಣ್ಣು ಮಿಡಿಯುತ್ತಿದ್ದರೆ, ಕಿವಿಯಲ್ಲಿ ಸುಯ್ ಎನ್ನುತ್ತಿದ್ದರೆ ಅದು ಬೇರೆಯೇ ಕಾಯಿಲೆಯಿರಬಹುದು, ತಡಮಾಡದೆ ತೋರಿಸಿ. ಒಮ್ಮೆಲೇ ನೋವು, ವಾಂತಿ, ಮಂಜು ದೃಷ್ಟಿ, ಇಳಿಯದ ಉಬ್ಬು ಬಂದರೆ ಸಿರೆ ಒಡೆದಿರಬಹುದು, ಇಲ್ಲವೇ ರಕ್ತ ಹೆಪ್ಪುಗಟ್ಟಿರಬಹುದು. ಮಡಿಕೇರಿಯಿಂದ ಮೈಸೂರು, ಘಟ್ಟ ಇಳಿದು, ಸುಮಾರು 120 ಕಿ.ಮೀ. ದೂರ. ಅದಕ್ಕೇ ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ, ರಾತ್ರಿಯಾದರೂ ಸರಿ, ಹೋಗಿ.