ಮೂರು ಕಾಲಿನ ಶಾವಿಗೆ ಒರಳು: ಬಳಸಿದವರ ಅಭಿಪ್ರಾಯ

ಮಲೆನಾಡಿನ ಮನೆಗಳಲ್ಲಿ ಒತ್ತು ಶಾವಿಗೆಗೆ ಬಳಸುವ, ಮೂರು ಕಾಲುಗಳ ಮೇಲೆ ನಿಲ್ಲುವ ತಿರುಪಿನ ಒರಳನ್ನು ಬೆಂಗಳೂರಿನ ಪಾತ್ರೆ ಅಂಗಡಿಯೊಂದರಲ್ಲಿ ಕೊಂಡು ಬಳಸುತ್ತಿದ್ದೇನೆ. ಅಜ್ಜಿ ಮಾಡಿ ಬಡಿಸುತ್ತಿದ್ದ ಶಾವಿಗೆಯನ್ನು ನನ್ನ ಮಕ್ಕಳೂ ಉಣ್ಣಬೇಕೆಂಬ ಆಸೆಯಿಂದ ಕೊಂಡದ್ದು ಇದು.

ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಕೈಬಿಡದೆ ಮಗುಚಿ ಗಟ್ಟಿ ಮಾಡಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಹಿಟ್ಟನ್ನು ಬಿಸಿಯಿರುವಾಗಲೇ ಒತ್ತಬೇಕು; ಆರಿದರೆ ಬಿಗಿದುಕೊಂಡು ಎಳೆಗಳು ತುಂಡಾಗುತ್ತವೆ. ಕೈಯಲ್ಲಿ ಹಿಡಿದು ಒತ್ತುವ ಚಕ್ಕುಲಿ ಒರಳು ಸೋಲುವುದು ಇಲ್ಲಿಯೇ. ಈ ಒರಳಿನಲ್ಲಾದರೋ ಉದ್ದನೆಯ ಹಿಡಿಯನ್ನು ತಿರುಗಿಸಿದಂತೆ ತಿರುಪು ಸಮನಾಗಿ ಇಳಿದು, ಗಟ್ಟಿ ಉಂಡೆಯೂ ನೀಳವಾದ ಎಳೆಗಳಾಗಿ ತಟ್ಟೆಗೆ ಬೀಳುತ್ತದೆ. ಒಬ್ಬರು ಕಾಲುಗಳನ್ನು ಅದುಮಿ ಹಿಡಿದರೆ ಮಾತ್ರ ಇನ್ನೊಬ್ಬರು ತಿರುಗಿಸಬಹುದು. ಇದನ್ನು ಕೊರತೆಯೆನ್ನುವವರಿದ್ದಾರೆ; ಆದರೆ ಅಮ್ಮ ಹದ ನೋಡುತ್ತ, ಮಗಳು ತಟ್ಟೆ ಸರಿಸುತ್ತ, ಅಜ್ಜಿಯ ಕಾಲದ ಮಾತುಗಳು ತಾನಾಗಿ ಹೊರಬರುವುದನ್ನು ಕಂಡ ನನಗೆ ಅದೇ ಇದರ ದೊಡ್ಡ ಗುಣ. ಬೆಲ್ಲ, ಏಲಕ್ಕಿ, ಗಸಗಸೆ ಬೆರೆಸಿದ ಕಾಯಿಹಾಲಿನೊಂದಿಗೆ ಉಂಡು, ಉಳಿದ ಶಾವಿಗೆಗೆ ಮರುದಿನ ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ನಿಂಬೆರಸ ಹಿಂಡುವ ನಮ್ಮ ಮನೆಯ ಕ್ರಮವೂ ಮತ್ತೆ ರೂಢಿಗೆ ಬಂದಿದೆ.

ಕೊಳ್ಳುವ ಮುನ್ನ ಬಿಲ್ಲೆಯ ತೂತುಗಳ ಅಂಚು ನಯವಾಗಿದೆಯೇ, ಒತ್ತುವ ಭಾಗವು ಕೊಳವೆಗೆ ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸುವುದು ಅಗತ್ಯ. ಸಡಿಲವಿದ್ದರೆ ಹಿಟ್ಟು ಮೇಲಕ್ಕೆ ಉಕ್ಕುತ್ತದೆ. ತೂಕ ಹೆಚ್ಚು, ಎತ್ತಿಡಲು ಜಾಗವೂ ಬೇಕು. ಕಬ್ಬಿಣದ ತಿರುಪನ್ನು ತೊಳೆದೊಡನೆ ಒರಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಟ್ಟರೆ ತುಕ್ಕು ಹಿಡಿಯುವುದಿಲ್ಲ.