ಕುಡಿಮೀಸೆಯ ಹತ್ತನೇ ಗೆಣ್ಣು ಕಾಣುತ್ತದೆಯೇ? ಇರುವೆ ಗುರುತಿಸುವವರಿಗೆ 7–45 ಪಟ್ಟಿನ ಸ್ಟೀರಿಯೊ ಮೈಕ್ರೋಸ್ಕೋಪ್

ಹರಿಯಾಣದ ಅಂಬಾಲಾ ಕಡೆಯಿಂದ ಬಂದು ಮಂಗಳೂರಿನ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುವ ಸ್ಟೀರಿಯೊ ಝೂಮ್ ಮೈಕ್ರೋಸ್ಕೋಪ್ ಇದು. 10 ಪಟ್ಟಿನ ಜೋಡಿ ಐಪೀಸ್, ಕೆಳಗೆ 0.7ರಿಂದ 4.5ರವರೆಗಿನ ಝೂಮ್. ಎರಡನ್ನೂ ಗುಣಿಸಿದರೆ 7ರಿಂದ 45 ಪಟ್ಟು. ಬೆಲೆ ಮೂವತ್ತು ಸಾವಿರದ ಆಸುಪಾಸು. ಚಗಳಿ, ಗೊದ್ದದಂಥ ದೊಡ್ಡ ಇರುವೆಗಳನ್ನಷ್ಟೇ ನೋಡುವವರು ಇಷ್ಟು ದುಡ್ಡು ಸುರಿಯಬೇಕಾಗಿಲ್ಲ, 10 ಪಟ್ಟಿನ ಕೈಮಸೂರವೇ ಸಾಕು. ಅಡಿಕೆ ತೋಟದ ತರಗೆಲೆ, ಹಾಡಿಯ ಕೊಳೆತ ಮರ ಜರಡಿ ಹಿಡಿದಾಗ ಉದುರುವ 2–3 ಮಿ.ಮೀ. ಇರುವೆಗಳ ಹಿಂದೆ ಬಿದ್ದವರಿಗೆ ಇದು ಬೇಕು.

ಯಾಕೆ ಬೇಕು ಎಂಬುದಕ್ಕೆ ಊಸೆರಿಯಾ ಎಂಬ ಅಪರೂಪದ ಕುಲವೇ ಒಳ್ಳೆಯ ಉದಾಹರಣೆ. ಈ ಕುಲದ ಬಹುತೇಕ ಪ್ರಭೇದಗಳ ಕುಡಿಮೀಸೆಯಲ್ಲಿ (ತಲೆಯ ಮೇಲಿನ ಆ್ಯಂಟೆನಾ) ಒಂಬತ್ತು ಇಲ್ಲವೇ ಹನ್ನೊಂದು ಗೆಣ್ಣು. ಕೇರಳದ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸಿಕ್ಕ ಇರುವೆಗೆ ಹತ್ತು ಇದ್ದವು. ಅದನ್ನು 2021ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜೀವವಿಜ್ಞಾನಿ ಅಮಿತಾಭ್ ಜೋಶಿ ಅವರ ಹೆಸರಿನಿಂದ ಊಸೆರಿಯಾ ಜೋಶಿಯೈ ಎಂದು ಕರೆದರು. ಒಂದು ಗೆಣ್ಣು ಎಣಿಕೆಯಲ್ಲಿ ತಪ್ಪಿದ್ದರೆ ಅದು ಹಳೆಯ ಯಾವುದೋ ಹೆಸರಿನ ಡಬ್ಬಿಯಲ್ಲೇ ಕೂತಿರುತ್ತಿತ್ತು. ಹಾಗಾಗಿ ಈ ಉಪಕರಣಕ್ಕೆ ಹಾಕುವ ಮೊದಲ ಪ್ರಶ್ನೆ ಒಂದೇ: ಗೆಣ್ಣು ಎಣಿಸಲು ಬಿಡುತ್ತದೆಯೇ?

ಬಿಡುತ್ತದೆ, ಆದರೆ ಅಂಗಡಿಯವರು ಕೊಟ್ಟ ಹಾಗೇ ಇಟ್ಟುಕೊಂಡರೆ ಅಲ್ಲ. ಜೊತೆಗೆ ಬರುವ ಉಂಗುರದ ಎಲ್‌ಇಡಿ ದೀಪ ನೇರ ಮೇಲಿನಿಂದ ಬೀಳುತ್ತದೆ. ಇರುವೆಯ ಹೊರಚಿಪ್ಪು ಎಣ್ಣೆ ಹಚ್ಚಿದ ಹಾಗೆ ಹೊಳೆಯುವುದರಿಂದ ಪ್ರತಿ ಗೆಣ್ಣಿನ ನೆತ್ತಿಯಲ್ಲೂ ಒಂದೊಂದು ಬಿಳಿ ಚುಕ್ಕೆ ಮೂಡಿ, ಗೆಣ್ಣು ಗೆಣ್ಣಿನ ನಡುವಿನ ಗೆರೆ ಅದರಲ್ಲಿ ಮುಚ್ಚಿಹೋಗುತ್ತದೆ. ತಲೆಯ ಮೇಲಿನ ಸಣ್ಣ ಗುಳಿಗಳು, ಉದ್ದ ಗೀರುಗಳು ಕೂಡ ಹಾಗೇ ಮಾಯ. ಟ್ರೇಸಿಂಗ್ ಪೇಪರನ್ನು ಅಂಗುಲದೆತ್ತರದ ಕೊಳವೆಯಾಗಿ ಸುತ್ತಿ ಇರುವೆಯ ಸುತ್ತ ನಿಲ್ಲಿಸಿ, ಉಂಗುರದ ದೀಪ ಆರಿಸಿ, ಹೊರಗಿನಿಂದ ಎರಡು ಟೇಬಲ್ ಲ್ಯಾಂಪ್ ಬೆಳಕು ಬಿಡಿ. ಅದೇ ಲೆನ್ಸಿನಲ್ಲಿ ಬೇರೆಯೇ ಇರುವೆ ಕಂಡ ಹಾಗಾಗುತ್ತದೆ. ಹತ್ತು ರೂಪಾಯಿಯ ಈ ಕಾಗದ ಇಲ್ಲದೆ ಮೂವತ್ತು ಸಾವಿರದ ಸಾಮಾನಿಗೆ ಅರ್ಧ ಬೆಲೆಯೂ ಇಲ್ಲ.

ಎಣಿಸುವ ಕ್ರಮವನ್ನೂ ಹೇಳಬೇಕು, ಏಕೆಂದರೆ ಬಹಳಷ್ಟು ತಪ್ಪು ಉಪಕರಣದ್ದಲ್ಲ. ಗಾಜಿನ ತಟ್ಟೆಯಲ್ಲಿ ಬಣ್ಣವಿಲ್ಲದ ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಒಂದು ಹನಿ ಹಾಕಿ, ಇರುವೆಯನ್ನು ಅದರೊಳಗೆ ಒತ್ತಿ. ಬೇಕಾದ ಭಂಗಿಯಲ್ಲಿ ಅಲ್ಲಾಡದೆ ನಿಲ್ಲುತ್ತದೆ, ಹೊಳಪೂ ಇಳಿಯುತ್ತದೆ. ಕುಡಿಮೀಸೆಗೆ ಗಾಳಿಗುಳ್ಳೆ ಅಂಟಿದ್ದರೆ ಸೂಜಿಯಿಂದ ಬಿಡಿಸಿ. ಬುಡದ ಉದ್ದನೆಯ ಕಡ್ಡಿಯೇ ಒಂದನೆಯ ಗೆಣ್ಣು. ಮೊಣಕೈಯಂತೆ ಮಡಚುವ ಜಾಗದಲ್ಲಿರುವ ಸಣ್ಣದು ಎರಡನೆಯದು, ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಅಲ್ಲಿಂದ ಮುಂದೆ ನಡುವಿನವು ಅವಲಕ್ಕಿಯ ಹಾಗೆ ಚಪ್ಪಟೆಯಾಗಿ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. 30 ಪಟ್ಟಿನಲ್ಲಿ ಎರಡು ಸೇರಿ ಒಂದಾಗಿ ಕಾಣುವುದು ಇಲ್ಲಿಯೇ, ಝೂಮ್ 45ಕ್ಕೆ ಹೋದಾಗ ಬಿಡಿಯಾಗುತ್ತವೆ. ತುದಿಯ ದಪ್ಪ ಗೆಣ್ಣು ಕೊನೆಯದು. ಎಡ ಬಲ ಎರಡನ್ನೂ ಎಣಿಸಿ, ಲೆಕ್ಕ ಹೊಂದದಿದ್ದರೆ ಮುರಿದ ತುದಿ ಇದೆಯೇ ನೋಡಿ. 1.5 ಮಿ.ಮೀ.ಗಿಂತ ಚಿಕ್ಕ ಇರುವೆಗಳಲ್ಲಿ ಮಾತ್ರ 45 ಪಟ್ಟು ಸಾಲದು. ಕೆಳಗೆ ತಿರುಗಿಸಿ ಕೂರಿಸುವ 2 ಪಟ್ಟಿನ ಸಹಾಯಕ ಲೆನ್ಸನ್ನು ಬೇರೆ ಕೊಳ್ಳಬೇಕು. ಆಗ 90 ಪಟ್ಟು ಸಿಗುತ್ತದೆ, ಆದರೆ ಲೆನ್ಸಿಗೂ ಇರುವೆಗೂ ನಡುವೆ ಸೂಜಿ ಆಡಿಸುವ ಜಾಗ ಅರ್ಧಕ್ಕಿಂತ ಕಮ್ಮಿಯಾಗುತ್ತದೆ.

ಸೊಂಟದ ಗಂಟು ಒಂದೋ ಎರಡೋ, ಬೆನ್ನಿನ ಮುಳ್ಳು ಎಷ್ಟುದ್ದ, ದವಡೆಯಲ್ಲಿ ಹಲ್ಲೆಷ್ಟು, ಇವೆಲ್ಲ 20–30 ಪಟ್ಟಿನಲ್ಲೇ ಸಲೀಸು. ಸ್ಟ್ರುಮಿಜೆನಿಸ್ ಇರುವೆಯ ಸೊಂಟಕ್ಕೆ ಅಂಟಿದ ಸ್ಪಂಜಿನಂಥ ಬಿಳಿ ಭಾಗ ಎರಡೂ ಕಣ್ಣಿಗೆ ಆಳ ಸಮೇತ ಕಾಣುವಾಗ, ಚಪ್ಪಟೆ ಫೋಟೊ ಯಾಕೆ ಸಾಲದು ಎಂದು ಗೊತ್ತಾಗುತ್ತದೆ.

ಅಳತೆಯಲ್ಲಿ ಮಾತ್ರ ಈ ಮಾದರಿ ತೊಂದರೆ ಕೊಡುತ್ತದೆ. ಐಪೀಸಿನೊಳಗೆ ಕೂರಿಸುವ, 10 ಮಿ.ಮೀ.ಯನ್ನು 100 ಭಾಗ ಮಾಡಿದ ಗಾಜಿನ ಬಿಲ್ಲೆಯ ಒಂದು ಗೆರೆ 4.5 ಝೂಮಿನಲ್ಲಿ 0.022 ಮಿ.ಮೀ.ಗೆ ಸಮ. ಅರ್ಧ ಮಿ.ಮೀ. ಅಗಲದ ತಲೆ ಸುಮಾರು 22 ಗೆರೆ ಹಿಡಿಯುತ್ತದೆ, ಅರ್ಧ ಗೆರೆ ತಪ್ಪಿದರೂ ಶೇ 2ರ ವ್ಯತ್ಯಾಸ. ಸಾಲದ್ದಕ್ಕೆ ಝೂಮ್ ಗುಂಡಿಯಲ್ಲಿ ಟಕ್ ಎಂದು ನಿಲ್ಲುವ ಹಲ್ಲುಗಳಿಲ್ಲ, ಕೈ ತಾಗಿದರೆ ಜಾರುತ್ತದೆ. ಅಳೆಯುವಾಗ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಯೇ ಇಡಿ, ಪ್ರತಿ ಸಲ ಸ್ಟೇಜ್ ಮೈಕ್ರೋಮೀಟರ್ (ನಿಖರ ಅಳತೆಗೆರೆ ಕೊರೆದ ಗಾಜಿನ ಪಟ್ಟಿ) ಇಟ್ಟು ತಾಳೆ ನೋಡಿ. ಇನ್ನೂ ದೊಡ್ಡ ತಪ್ಪು ಇರುವೆ ವಾಲಿರುವುದರಿಂದ ಆಗುತ್ತದೆ. ತಲೆ 20 ಡಿಗ್ರಿ ಹಿಂದಕ್ಕೆ ವಾಲಿದ್ದರೆ ಉದ್ದ ಶೇ 6ರಷ್ಟು ಕಡಿಮೆ ಬರುತ್ತದೆ, ಅಗಲ ಹಾಗೇ ಉಳಿಯುತ್ತದೆ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ ಬರೆಯುವ ತಲೆಯ ಸೂಚ್ಯಂಕ ಆಗ ಸುಳ್ಳಾಗಿ ಏರಿ, ಉದ್ದ ತಲೆಯ ಇರುವೆ ಅಗಲ ತಲೆಯದಾಗಿಬಿಡುತ್ತದೆ. ತಲೆಯ ಮುಂತುದಿ, ಹಿಂತುದಿ ಎರಡೂ ಒಟ್ಟಿಗೇ ಫೋಕಸ್ ಆದರೆ ಮಾತ್ರ ಅಳತೆ ಬರೆಯಿರಿ. ಒಣಗಿಸಿ ತ್ರಿಕೋನ ಕಾರ್ಡಿಗೆ ಅಂಟಿಸುವುದಾದರೆ ಎರಡನೆಯ, ಮೂರನೆಯ ಜೋಡಿ ಕಾಲಿನ ಬುಡದ ನಡುವೆ ಗುಂಡುಸೂಜಿ ಮೊನೆಯಷ್ಟೇ ಅಂಟು. ಹೆಚ್ಚಾದರೆ ಸೊಂಟದ ಅಡಿಭಾಗ ಮುಚ್ಚಿಹೋಗುತ್ತದೆ, ಅಲ್ಲಿನ ಲಕ್ಷಣ ಮತ್ತೆ ಯಾರಿಗೂ ಸಿಗದು.

ಎರಡು ಸಾವಿರದ ಒಳಗೆ ಸಿಗುವ, "1000 ಪಟ್ಟು" ಎಂದು ಡಬ್ಬಿಯ ಮೇಲೆ ಬರೆದ ಯುಎಸ್‌ಬಿ ಮೈಕ್ರೋಸ್ಕೋಪ್ ಇದಕ್ಕೆ ಬದಲಿಯಲ್ಲ. ಪರದೆಯಲ್ಲಿ ಚಿತ್ರ ಹಿಗ್ಗುತ್ತದೆಯೇ ಹೊರತು ಹೊಸ ವಿವರ ಹುಟ್ಟುವುದಿಲ್ಲ, ಆಳವಂತೂ ಇಲ್ಲವೇ ಇಲ್ಲ. ಮಕ್ಕಳಿಗೆ ಇರುವೆ ತೋರಿಸಲು ಚೆನ್ನ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಗ್ರಾಫ್ ಕಾಗದದ ಒಂದು ಚೌಕ 45 ಪಟ್ಟಿನಲ್ಲಿ ಫೋಕಸ್ ಮಾಡಿ, ಫೋಕಸ್ ಗುಂಡಿ ಮುಟ್ಟದೆ ಝೂಮನ್ನು 7ಕ್ಕೆ ತಿರುಗಿಸಿ. ಚಿತ್ರ ಮಸುಕಾದರೆ ಅಥವಾ ಎರಡಾಗಿ ಕಂಡರೆ ಒಳಗಿನ ಜೋಡಣೆ ಸರಿಯಿಲ್ಲ, ಬೇರೆಯದನ್ನು ತೆಗೆಸಿ. ಕಾಡಿನಿಂದ ಇರುವೆ ತರುವ ಆಲೋಚನೆಯಿದ್ದರೆ ಸೋಮೇಶ್ವರ, ಕುದುರೆಮುಖದಂಥ ರಕ್ಷಿತ ಪ್ರದೇಶಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಮೊದಲು.

ಉಡುಪಿ, ಮಂಗಳೂರಿನಲ್ಲಿ ಇದರ ಆಯುಷ್ಯ ತೀರ್ಮಾನಿಸುವುದು ಮಳೆಗಾಲ. ಜೊತೆಗೆ ಬರುವ ಪ್ಲಾಸ್ಟಿಕ್ ಹೊದಿಕೆ ಧೂಳು ತಡೆಯುತ್ತದೆ, ತೇವವನ್ನು ಒಳಗೇ ಕೂಡಿಡುತ್ತದೆ. ಆಟಿ ತಿಂಗಳು ಕಳೆಯುವಷ್ಟರಲ್ಲಿ ಲೆನ್ಸಿನೊಳಗೆ ಜೇಡರಬಲೆಯಂಥ ಬೂಸ್ಟು ಹಬ್ಬಿರಬಹುದು, ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ. ರಬ್ಬರ್ ಅಂಚಿನ ದೊಡ್ಡ ಡಬ್ಬಿಯಲ್ಲಿ ಅರ್ಧ ಕಿಲೊ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಹರಳಿನಲ್ಲಿ ಕಿತ್ತಳೆಯದನ್ನೇ ಕೇಳಿ, ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಬಣ್ಣ ಕೆಟ್ಟ ಹರಳನ್ನು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಿರುವಾಗಲೇ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ.